ಕೊಂದದ್ದು ಚಳಿಯಲ್ಲ

ಸೋತ ಸೇನಾಪತಿಗಳ ನೆರವಿಗೆ ಚಳಿಗಾಲ ಬಂದಷ್ಟು ಬೇರೆ ಯಾರೂ ಬಂದಿಲ್ಲ. 1812ರಲ್ಲಿ ರಷ್ಯಾದಿಂದ ಹಿಮ್ಮೆಟ್ಟಿದ ನೆಪೋಲಿಯನ್, ತನ್ನ ದಂಡು ಹಾಳಾದದ್ದು ಏಕಾಏಕಿ ಬಂದೆರಗಿದ ಕೊರೆಚಳಿಯಿಂದ ಎಂದು ಫ್ರಾನ್ಸಿನ ಜನಕ್ಕೆ ಪ್ರಕಟಣೆ ಹೊರಡಿಸಿದ. ಮಾಸ್ಕೋ ಮುಟ್ಟುವ ಮೊದಲೇ, ಇನ್ನೂ ಬಿಸಿಲು ಸುಡುತ್ತಿದ್ದ ದಿನಗಳಲ್ಲೇ, ರೋಗ, ಹಸಿವು, ಬಳಲಿಕೆಗಳಿಂದ ಅವನ ಮುಖ್ಯ ದಂಡು ಅರ್ಧಕ್ಕಿಂತ ಕೆಳಗಿಳಿದಿತ್ತು ಎಂಬುದನ್ನು ಆ ಪ್ರಕಟಣೆ ಹೇಳಲಿಲ್ಲ. ಮುಂದೆ ಹಿಟ್ಲರನ ಜನರಲ್ಲುಗಳೂ ಯುದ್ಧ ಮುಗಿದ ಮೇಲೆ ಬರೆದ ನೆನಪಿನ ಪುಸ್ತಕಗಳಲ್ಲಿ ಇದೇ ಸಾಕ್ಷಿಯನ್ನು ಕರೆದರು: ಹಿಮ, ಕೆಸರು, ಮುಗಿಯದ ಬಯಲು. ಹಿಮಕ್ಕೆ ಬಾಯಿಲ್ಲ, ತನ್ನ ಮೇಲಿನ ಆರೋಪಕ್ಕೆ ಅದು ಉತ್ತರ ಕೊಡುವುದಿಲ್ಲ. ಜರ್ಮನ್ ನಿರ್ದೇಶಕ ಯೋಸೆಫ್ ಫಿಲ್ಸ್‌ಮಾಯರ್ ಅವರ 1993ರ ಚಿತ್ರ ‘ಸ್ಟಾಲಿನ್‌ಗ್ರಾಡ್’ ಮುಖ್ಯವೆನಿಸುವುದು ಈ ಕಾರಣಕ್ಕೆ. ಈ ಚಿತ್ರದ ದ್ವಿತೀಯಾರ್ಧದ ತುಂಬ ಹಿಮವಿದೆ. ಆದರೆ ಹಿಮದ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವ ದಾರಿಗಳನ್ನು ಅದು ಒಂದೊಂದಾಗಿ ಮುಚ್ಚುತ್ತ ಹೋಗುತ್ತದೆ. ಸಾಮಾನ್ಯ ಸೈನಿಕ ಸೆಡೆತು ಸಾಯುವುದರ ಹಿಂದೆ, ಬೆಚ್ಚಗಿನ ಕೋಣೆಯಲ್ಲಿ ಕೂತು ಯಾರೋ ತೆಗೆದುಕೊಂಡ ತೀರ್ಮಾನ ಇದ್ದೇ ಇರುತ್ತದೆ ಎಂದು ತೋರಿಸುತ್ತದೆ. ಯುದ್ಧವನ್ನು ವಿರೋಧಿಸುವ ಚಿತ್ರವೊಂದು ಮಾಡಬೇಕಾದ ಅತಿ ಕಷ್ಟದ ಕೆಲಸ ಇದೇ ಎಂದು ನನ್ನ ವಾದ.

ಕತೆ ಶುರುವಾಗುವುದು ಇಟಲಿಯ ಕಡಲ ತೀರದಲ್ಲಿ, 1942ರ ಬೇಸಿಗೆಯಲ್ಲಿ. ಉತ್ತರ ಆಫ್ರಿಕಾದ ಮರಳುಗಾಡಿನಲ್ಲಿ ಕಾದಾಡಿ ಬಂದ ಜರ್ಮನ್ ತುಕಡಿಯೊಂದು ಅಲ್ಲಿ ದಣಿವಾರಿಸಿಕೊಳ್ಳುತ್ತಿದೆ. ಮೈನ್ ಹುಗಿಯುವುದು, ತೆಗೆಯುವುದು, ಕೋಟೆಕೊತ್ತಲ ಒಡೆಯುವುದು ಈ ತುಕಡಿಯ ಕೆಲಸ. ಬಿಸಿಲಿದೆ, ನೀಲಿ ನೀರಿದೆ, ಪದಕ ಕೊಡುವ ಸಮಾರಂಭವಿದೆ. ರೈಸರ್, ರೋಲೋ, ಇನ್ನೂ ಮೀಸೆ ಚಿಗುರದಂತಿರುವ ಗೇಗೆ, ಹೊಸದಾಗಿ ಬಂದ ಸಿರಿವಂತ ಮನೆತನದ ಲೆಫ್ಟಿನೆಂಟ್ ವಿಟ್ಸ್‌ಲ್ಯಾಂಡ್ ಇವರೆಲ್ಲ ಅಲ್ಲಿಂದ ರೈಲು ಹತ್ತಿ ವೋಲ್ಗಾ ನದಿಯ ದಂಡೆಯ ಸ್ಟಾಲಿನ್‌ಗ್ರಾಡ್ ನಗರಕ್ಕೆ ಬರುತ್ತಾರೆ. ಅಲ್ಲಿಂದ ಮುಂದೆ ಕಾರ್ಖಾನೆಯ ಅವಶೇಷಗಳ ನಡುವೆ ಗೋಡೆಗೋಡೆಗೂ ಹೊಡೆದಾಟ, ಚರಂಡಿ ಸುರಂಗಗಳಲ್ಲಿ ತೆವಳುವುದು, ಆಮೇಲೆ ಹಿಮ. ಫಿಲ್ಸ್‌ಮಾಯರ್ ಮೂಲತಃ ಛಾಯಾಗ್ರಾಹಕರು. ಬಣ್ಣವನ್ನು ಹೇಗೆ ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಅವರಿಗೆ ಚೆನ್ನಾಗಿ ಗೊತ್ತು. ಇಟಲಿಯ ಹಳದಿ, ನೀಲಿ ಕರಗಿ ಕಾರ್ಖಾನೆಯ ತುಕ್ಕಿನ ಕಂದು ಬರುತ್ತದೆ, ಅದೂ ಹೋಗಿ ಬೂದು, ಕೊನೆಗೆ ಬಿಳಿ. ಹಿಮದ ದೃಶ್ಯಗಳನ್ನು ಫಿನ್ಲೆಂಡಿನಲ್ಲಿ ಚಿತ್ರೀಕರಿಸಿದರು. ನಟರ ಉಸಿರಿನ ಹಬೆಯೂ ಬಿರಿದ ತುಟಿಯೂ ಬಣ್ಣ ಬಳಿದು ಮಾಡಿದ್ದಲ್ಲ ಎಂದು ನೋಡುವಾಗಲೇ ತಿಳಿಯುತ್ತದೆ. ಚಿತ್ರ ತೆರೆಕಂಡದ್ದು 1993ರ ಜನವರಿಯಲ್ಲಿ, ಆ ಕದನ ಮುಗಿದು ಸರಿಯಾಗಿ ಐವತ್ತು ವರ್ಷಕ್ಕೆ.

ಈಗ ಆ ಚಳಿಯ ಲೆಕ್ಕ ನೋಡೋಣ. 1941ರ ಚಳಿಗಾಲದಲ್ಲಿ ಮಾಸ್ಕೋ ಮುಂದೆ ಜರ್ಮನ್ ಸೇನೆ ಬೆಚ್ಚಗಿನ ಬಟ್ಟೆಯಿಲ್ಲದೆ ನರಳಿತ್ತು. ಬೇಸಿಗೆಯಲ್ಲೇ ಗೆದ್ದುಬಿಡುತ್ತೇವೆ ಎಂಬ ಭರವಸೆಯಲ್ಲಿ ಹಿಟ್ಲರನೂ ಅವನ ಸೇನಾ ಮುಖ್ಯಸ್ಥರೂ ಚಳಿಗಾಲಕ್ಕೆ ಸಿದ್ಧತೆ ಮಾಡಿರಲಿಲ್ಲ. ಕೊನೆಗೆ ಡಿಸೆಂಬರಿನಲ್ಲಿ ಪ್ರಚಾರ ಮಂತ್ರಿ ಗೊಬೆಲ್ಸ್ ಜರ್ಮನಿಯ ಮನೆಮನೆಗಳಿಂದ ತುಪ್ಪುಳದ ಕೋಟು, ಉಣ್ಣೆ ಬಟ್ಟೆ ಬೇಡಿ ಕೂಡಿಸಬೇಕಾಯಿತು. ಹಾಗಾಗಿ ಮರುವರ್ಷ ಗೊತ್ತಿರಲಿಲ್ಲ ಎಂದು ಹೇಳುವಂತಿರಲಿಲ್ಲ. ಆದರೂ ಸ್ಟಾಲಿನ್‌ಗ್ರಾಡಿನಲ್ಲಿದ್ದ ಜರ್ಮನ್ ಆರನೇ ಸೇನೆಗೆ ಬರಬೇಕಾದ ಚಳಿಗಾಲದ ಬಟ್ಟೆಯಲ್ಲಿ ದೊಡ್ಡ ಪಾಲು ಹಿಂದಿನ ಉಗ್ರಾಣಗಳಲ್ಲೇ ಉಳಿಯಿತು. ಇದ್ದ ಅಷ್ಟಿಷ್ಟು ರೈಲುಗಳಲ್ಲಿ ಮದ್ದುಗುಂಡಿಗೆ ಮೊದಲ ಜಾಗ ಕೊಟ್ಟಿದ್ದರು. ಮೇವು ಸಾಗಿಸುವ ಕಷ್ಟ ತಪ್ಪಿಸಲು ಸೇನೆಯ ಬಹುಪಾಲು ಕುದುರೆಗಳನ್ನು ಪಶ್ಚಿಮಕ್ಕೆ ಕಳಿಸಿದ್ದರಿಂದ, ಮುತ್ತಿಗೆ ಬಿದ್ದಾಗ ತೋಪುಗಳನ್ನು ಎಳೆಯುವವರೇ ಇರಲಿಲ್ಲ. 1942ರ ನವೆಂಬರ್ 19, 20ರಂದು ಸೋವಿಯತ್ ಸೇನೆ ಎರಡೂ ಪಕ್ಕಗಳಲ್ಲಿದ್ದ ರುಮೇನಿಯನ್ ಪಡೆಗಳನ್ನು ಭೇದಿಸಿ ನುಗ್ಗಿ, ನಾಲ್ಕೇ ದಿನದಲ್ಲಿ ಕಲಾಚ್ ಪಟ್ಟಣದ ಬಳಿ ಕೂಡಿಕೊಂಡಿತು. ಒಳಗೆ ಸಿಕ್ಕಿಬಿದ್ದವರು ಎರಡೂವರೆ ಲಕ್ಷಕ್ಕೂ ಹೆಚ್ಚು ಜನ. ಮುತ್ತಿಗೆ ಇನ್ನೂ ಗಟ್ಟಿಯಾಗುವ ಮೊದಲು ಹೊರಗೆ ನುಗ್ಗಿಬಿಡೋಣ ಎಂದು ಸ್ಥಳದಲ್ಲಿದ್ದ ಜನರಲ್ಲುಗಳು ಕೇಳಿದರು. ಹಿಟ್ಲರ್ ಒಪ್ಪಲಿಲ್ಲ. ವಿಮಾನದಲ್ಲಿ ಎಲ್ಲವನ್ನೂ ಒದಗಿಸುತ್ತೇನೆ ಎಂದು ವಾಯುಪಡೆಯ ಮುಖ್ಯಸ್ಥ ಗೋರಿಂಗ್ ಮಾತು ಕೊಟ್ಟಿದ್ದ. ದಿನಕ್ಕೆ ಕಡಿಮೆಯೆಂದರೂ 300 ಟನ್ ಬೇಕಿತ್ತು, ಬಂದದ್ದು ಸರಾಸರಿ ನೂರು ಟನ್ನಿನ ಆಸುಪಾಸು. ಬಂದ ಸರಕಿನಲ್ಲಿ ಒಮ್ಮೆ ಟನ್ನುಗಟ್ಟಲೆ ಕಾಳುಮೆಣಸೂ ಒಣಗಿಸಿದ ಸೊಪ್ಪಿನ ಮಸಾಲೆಯೂ ಇತ್ತು. ಜನವರಿಯ ಹೊತ್ತಿಗೆ ಒಬ್ಬನ ಪಾಲಿಗೆ ದಿನಕ್ಕೆ ನೂರು ಗ್ರಾಂ ಬ್ರೆಡ್ ಸಿಕ್ಕರೆ ಹೆಚ್ಚು. ಹೊಟ್ಟೆಗೆ ಹಿಟ್ಟಿಲ್ಲದ ಮೈ ತನ್ನ ಕಾವನ್ನು ತಾನೇ ಹುಟ್ಟಿಸಿಕೊಳ್ಳಲಾರದು. ಮೈನಸ್ 20, 30 ಡಿಗ್ರಿಯಲ್ಲಿ ಅಂಥ ಮೈ ಎಷ್ಟು ದಿನ ಬಾಳೀತು?

ಅದೇ ಚಳಿ ನದಿಯ ಆಚೆ ದಂಡೆಯವರಿಗೂ ಇತ್ತು ಎಂಬುದನ್ನು ಮರೆಯಬಾರದು. ನವೆಂಬರಿನಲ್ಲಿ ವೋಲ್ಗಾದಲ್ಲಿ ತೇಲುತ್ತಿದ್ದ ಮಂಜುಗಡ್ಡೆಯ ಹಾಸುಗಳು ದೋಣಿಗಳನ್ನು ತಡೆದು, ನಗರದೊಳಗಿನ ಸೋವಿಯತ್ ಸೈನಿಕರನ್ನು ಹಸಿವಿಗೆ ತಳ್ಳಿದ್ದವು. ಡಿಸೆಂಬರ್ ನಡುವೆ ನದಿ ಪೂರ್ತಿ ಹೆಪ್ಪುಗಟ್ಟಿದ ಮೇಲೆ ಅದೇ ಮಂಜುಗಡ್ಡೆ ಅವರ ಹೆದ್ದಾರಿಯಾಯಿತು, ಲಾರಿಗಳು ಅದರ ಮೇಲೇ ಓಡಾಡಿದವು. ಉಣ್ಣೆ ಒತ್ತಿ ಮಾಡಿದ ಬೂಟು, ಹತ್ತಿ ತುಂಬಿದ ಅಂಗಿ ತೊಟ್ಟ ಸೋವಿಯತ್ ಸೈನಿಕನಿಗೂ ಚಳಿ ಕೊರೆಯುತ್ತಿತ್ತು, ಆದರೆ ಅವನಿಗೆ ಬಟ್ಟೆ ತಲುಪಿಸುವ ಏರ್ಪಾಡು ಇತ್ತು. ಚಳಿ ಯಾರ ಪಕ್ಷವನ್ನೂ ಹಿಡಿಯಲಿಲ್ಲ. ಅದರ ಮುಂದೆ ಯಾರನ್ನು ಬರಿಗೈಯಲ್ಲಿ ನಿಲ್ಲಿಸಬೇಕೆಂಬುದನ್ನು ಮನುಷ್ಯರು ಗೊತ್ತುಮಾಡಿದರು.

ಚಿತ್ರದ ಕಟ್ಟೋಣ ಈ ಸತ್ಯವನ್ನು ಹಿಡಿದುಕೊಂಡಿದೆ. ನಕಾಶೆಯ ಮೇಲೆ ಬಾಣಗಳನ್ನೆಳೆದು ಅದು ಪಾಠ ಹೇಳುವುದಿಲ್ಲ. ಯುದ್ಧದ ದೊಡ್ಡ ಚಿತ್ರ ಸೈನಿಕರಿಗೆ ಎಷ್ಟು ತಿಳಿದಿತ್ತೋ ಅಷ್ಟೇ ನಮಗೂ ತಿಳಿಯುತ್ತದೆ. ಗಾಯಗೊಂಡ ಗೆಳೆಯನನ್ನು ಹೊತ್ತು ಯುದ್ಧಭೂಮಿಯ ಆಸ್ಪತ್ರೆಗೆ ಬಂದ ರೈಸರ್‌ಗೆ ಅಲ್ಲಿ ಕಾಣುವುದು ನೆಲದ ತುಂಬ ಚೀರಾಡುವ ಜನ. ಸರದಿ ಬರುವುದರೊಳಗೆ ಗೆಳೆಯ ಸಾಯುತ್ತಾನೆಂದು ಅವನು ಆಸ್ಪತ್ರೆಯ ಸಹಾಯಕನೊಬ್ಬನಿಗೆ ಬಂದೂಕು ಹಿಡಿದು ಚಿಕಿತ್ಸೆ ಮಾಡಿಸಲು ನೋಡುತ್ತಾನೆ. ಗೆಳೆಯ ಉಳಿಯುವುದಿಲ್ಲ, ಇವನನ್ನೂ ಜತೆಗಿದ್ದವರನ್ನೂ ಬಂಧಿಸಿ ಶಿಕ್ಷೆಯ ತುಕಡಿಗೆ ಹಾಕುತ್ತಾರೆ. ಹಿಮದಲ್ಲಿ ಮೊಣಕಾಲೂರಿ ಮೈನ್ ತೆಗೆಯುವ ಕೆಲಸ. ಮುಂದೆ ಟ್ಯಾಂಕುಗಳ ದಾಳಿ ಬಂದಾಗ ಇದೇ ಶಿಕ್ಷಿತರನ್ನು ಮತ್ತೆ ಸೈನಿಕರನ್ನಾಗಿ ಮಾಡಲಾಗುತ್ತದೆ. ಬಯಲಿನಲ್ಲಿ ಗುಂಡಿ ತೋಡಿಕೊಂಡು ಕೂತ ಮನುಷ್ಯರ ಮೇಲೆ ಟ್ಯಾಂಕುಗಳು ಹತ್ತಿಬರುವ ಆ ದೃಶ್ಯ ಈ ಬಗೆಯ ಚಿತ್ರಗಳಲ್ಲೇ ಅತ್ಯಂತ ಭೀಕರವಾದವುಗಳಲ್ಲಿ ಒಂದು. ಅವರು ದಾಳಿಯನ್ನು ತಡೆಯುತ್ತಾರೆ. ಬೇರೆ ಯಾವುದೇ ಯುದ್ಧಚಿತ್ರದಲ್ಲಿ ಇಲ್ಲಿ ಕಹಳೆ ಮೊಳಗುತ್ತಿತ್ತು. ಇಲ್ಲಿ ಉಳಿದವರು ಸತ್ತವರ ಮುಖ ನೋಡುತ್ತಾರೆ, ಗೆದ್ದ ಆ ಹಿಮದ ತುಂಡಿನಿಂದ ಏನೂ ಬದಲಾಗುವುದಿಲ್ಲ. ಅವರ ಶೌರ್ಯದಲ್ಲಿ ಕೊರತೆಯಿರಲಿಲ್ಲ. ಶೌರ್ಯಕ್ಕೆ ಅಲ್ಲಿ ಮಾಡಲು ಕೆಲಸವೇ ಇರಲಿಲ್ಲ. ಇದನ್ನು ಇಷ್ಟು ಸ್ಪಷ್ಟವಾಗಿ ಹೇಳಿದ ಚಿತ್ರಗಳು ಕಡಿಮೆ.

ಇದಾದ ಮೇಲೆ ಬರುತ್ತದೆ ಇಡೀ ಚಿತ್ರದ ತಿರುಗಣಿಯಾದ ದೃಶ್ಯ. ಕ್ಯಾಪ್ಟನ್ ಹಾಲರ್ ಎಂಬ ಅಧಿಕಾರಿ ಇವರನ್ನು ಸಾಲಾಗಿ ನಿಲ್ಲಿಸಿ, ನಿರಾಯುಧ ರಷ್ಯನ್ ನಾಗರಿಕರ ಗುಂಪೊಂದನ್ನು ಗುಂಡಿಕ್ಕಿ ಕೊಲ್ಲಿ ಎನ್ನುತ್ತಾನೆ. ಅವರಲ್ಲಿ ಈ ಸೈನಿಕರಿಗೆ ಮೊದಲೇ ಪರಿಚಯವಿದ್ದ ಕೋಲ್ಯಾ ಎಂಬ ಹುಡುಗನೂ ಇದ್ದಾನೆ. ವಿಟ್ಸ್‌ಲ್ಯಾಂಡ್ ತಡೆಯಲು ನೋಡುತ್ತಾನೆ. ಆದರೆ ಬಂದೂಕುಗಳು ಸಿಡಿಯುತ್ತವೆ. ನಮ್ಮ ಕನಿಕರವನ್ನು ಅಲ್ಲಿಯವರೆಗೆ ಸಂಪಾದಿಸಿದ ಕೈಗಳೇ ಬಂದೂಕಿನ ಕುದುರೆ ಎಳೆಯುತ್ತವೆ. ಆ ಕ್ಷಣದಲ್ಲಿ ಚಳಿಯಿಂದ ಯಾರೂ ಸಾಯುವುದಿಲ್ಲ, ಹಸಿವಿನಿಂದಲೂ ಅಲ್ಲ. ಒಬ್ಬ ಹೇಳಿದ, ಹತ್ತು ಜನ ಮಾಡಿದರು. ಅಷ್ಟೇ. ಹಿಮವನ್ನು ಇಲ್ಲಿ ಹೊಣೆ ಮಾಡಲು ಸಾಧ್ಯವೇ ಇಲ್ಲದಂತೆ ಚಿತ್ರ ದೃಶ್ಯವನ್ನು ಕಟ್ಟಿದೆ. ಇದರ ನಂತರವೇ ಇವರು ಸೇನೆ ಬಿಟ್ಟು ಓಡಿಹೋಗುವ ತೀರ್ಮಾನಕ್ಕೆ ಬರುತ್ತಾರೆ, ಸತ್ತವರ ಮೈಮೇಲಿನ ಗಾಯಾಳು ಚೀಟಿ ಕಿತ್ತುಕೊಂಡು ಪಿಟೊಮ್ನಿಕ್ ವಿಮಾನ ನಿಲ್ದಾಣಕ್ಕೆ ನಡೆಯುತ್ತಾರೆ, ಕೊನೆಯ ವಿಮಾನ ಅವರ ಕಣ್ಣೆದುರೇ ಹಾರಿಹೋಗುತ್ತದೆ. ಮುಂದೊಂದು ದಿನ ಹಾಲರ್‌ನ ಅಡಗುದಾಣ ಸಿಕ್ಕಾಗ ಅಲ್ಲಿ ಆಹಾರ, ಮದ್ಯ ಪೇರಿಸಿಟ್ಟಿದೆ, ಮಂಚಕ್ಕೆ ಕಟ್ಟಿಹಾಕಿದ ಐರಿನಾ ಎಂಬ ರಷ್ಯನ್ ಹೆಣ್ಣುಮಗಳಿದ್ದಾಳೆ. ಹೊರಗೆ ಲಕ್ಷ ಜನ ಹಸಿದು ಸಾಯುವಾಗ ಒಂದು ಬೆಚ್ಚಗಿನ ನೆಲಮಾಳಿಗೆ ತುಂಬಿ ತುಳುಕುತ್ತಿದೆ. ಕೊರತೆಯಲ್ಲೂ ಹಂಚಿಕೆ ಹೇಗಿತ್ತೆಂದು ತೋರಿಸಲು ಇದಕ್ಕಿಂತ ಹೆಚ್ಚಿನ ಮಾತು ಬೇಕಿಲ್ಲ.

ಈ ಚಿತ್ರದ ಮೇಲಿನ ಅತಿ ಗಂಭೀರ ಆಕ್ಷೇಪವನ್ನು ಇಲ್ಲಿ ಎದುರಿಸಬೇಕು. ಅತಿಕ್ರಮಿಸಿದವರು ಜರ್ಮನರು. 1942ರ ಆಗಸ್ಟ್ 23ರಂದು ಅವರ ವಿಮಾನಗಳು ನಗರವನ್ನು ಸುಟ್ಟವು, ಸಾವಿರಾರು ನಾಗರಿಕರು ಸತ್ತರು. ಆ ಕದನದಲ್ಲಿ ಪ್ರಾಣ ಕಳೆದುಕೊಂಡ ಸೋವಿಯತ್ ಸೈನಿಕರ ಸಂಖ್ಯೆ 4.7 ಲಕ್ಷ ದಾಟುತ್ತದೆ. ಹೀಗಿರುವಾಗ ಐದಾರು ಜರ್ಮನ್ ಸೈನಿಕರ ನಡುಕಕ್ಕೆ ಕಣ್ಣೀರು ಹಾಕಿಸುವುದು ಸರಿಯೇ? ಆಕ್ರಮಣಕಾರನನ್ನು ಬಲಿಪಶುವಾಗಿ ಮಾಡಿದಂತಾಗಲಿಲ್ಲವೇ? ಈ ಪ್ರಶ್ನೆಯಲ್ಲಿ ತೂಕವಿದೆ, ಚಿತ್ರ ಇದಕ್ಕೆ ಪೂರ್ತಿ ಉತ್ತರ ಕೊಡುವುದಿಲ್ಲ ಎಂದು ಒಪ್ಪುತ್ತೇನೆ. ಚಿತ್ರದ ಪ್ರಕಾರ ಕೆಟ್ಟವನೆಂದರೆ ಹಾಲರ್. ಉಳಿದವರು ಒತ್ತಾಯಕ್ಕೆ ಸಿಕ್ಕ ಒಳ್ಳೆಯವರು. ಇತಿಹಾಸ ಇಷ್ಟು ಸುಲಭವಾಗಿ ಬೇರೆ ಮಾಡಲು ಬಿಡುವುದಿಲ್ಲ. ಇದೇ ಆರನೇ ಸೇನೆ 1941ರ ಆಗಸ್ಟಿನಲ್ಲಿ ಉಕ್ರೇನಿನ ಬೀಲಾ ತ್ಸೆರ್ಕ್ವಾ ಪಟ್ಟಣ ಹಿಡಿದಿದ್ದಾಗ, ತಂದೆತಾಯಿಗಳನ್ನು ಆಗಲೇ ಕಳೆದುಕೊಂಡಿದ್ದ ಸುಮಾರು 90 ಯಹೂದಿ ಮಕ್ಕಳನ್ನು ಕೊಲ್ಲುವ ವಿಷಯ ಬಂತು. ಹೆಲ್ಮುತ್ ಗ್ರೊಸ್ಕುರ್ಟ್ ಎಂಬ ಸೇನಾಧಿಕಾರಿ ವಿರೋಧಿಸಿ ಲಿಖಿತ ವರದಿ ಕಳಿಸಿದ. ಸೇನೆಯ ಮುಖ್ಯಸ್ಥ ರೈಷೆನಾವ್ ಅದನ್ನು ತಳ್ಳಿಹಾಕಿದ, ಮಕ್ಕಳನ್ನು ಕೊಂದರು. ಗ್ರೊಸ್ಕುರ್ಟ್ ತನ್ನ ಕೆಲಸದಲ್ಲಿ ಮುಂದುವರಿದ. ಸ್ಟಾಲಿನ್‌ಗ್ರಾಡಿನಲ್ಲಿ ಸೆರೆಸಿಕ್ಕಿ 1943ರ ಏಪ್ರಿಲ್‌ನಲ್ಲಿ ಟೈಫಸ್ ಜ್ವರದಿಂದ ಸತ್ತ. ವಿಟ್ಸ್‌ಲ್ಯಾಂಡ್‌ನಂಥವರು ನಿಜಕ್ಕೂ ಇದ್ದರೆಂಬುದಕ್ಕೆ ಗ್ರೊಸ್ಕುರ್ಟ್ ಸಾಕ್ಷಿ. ಅಂಥವರಿದ್ದರೂ ಆ ಸೇನೆ ತನ್ನ ಕೆಲಸ ನಿಲ್ಲಿಸಲಿಲ್ಲ ಎಂಬುದಕ್ಕೂ ಆತನೇ ಸಾಕ್ಷಿ. ಈ ಎರಡನೆಯ ಮಾತು ಚಿತ್ರದಲ್ಲಿ ಸಾಕಷ್ಟು ಕೇಳಿಸುವುದಿಲ್ಲ. 1995ರಲ್ಲಿ ಹ್ಯಾಂಬರ್ಗಿನಲ್ಲಿ ಶುರುವಾದ, ಜರ್ಮನ್ ಸೇನೆಯ ಅಪರಾಧಗಳ ಕುರಿತ ಪ್ರದರ್ಶನವೊಂದು ಆ ದೇಶದಲ್ಲಿ ದೊಡ್ಡ ವಾಗ್ವಾದ ಎಬ್ಬಿಸಿತು. ಅಲ್ಲಿಯವರೆಗೆ ಅಪರಾಧವೆಲ್ಲ ನಾಜಿ ಪಕ್ಷದ್ದು, ಸೇನೆ ಶುದ್ಧವಾಗಿತ್ತು ಎಂದು ಬಹಳ ಜನ ನಂಬಿದ್ದರು. ಚಿತ್ರ ಬಂದದ್ದು ಅದಕ್ಕೆ ಎರಡು ವರ್ಷ ಮೊದಲು, ಆ ನಂಬಿಕೆಯ ನೆರಳು ಅದರ ಮೇಲಿದೆ.

ಆದರೂ ಆಕ್ಷೇಪ ಹೇಳುವಷ್ಟು ದೂರ ನಾನು ಹೋಗಲಾರೆ. ಬಲಿಪಶುವಾಗುವುದೂ ತಪ್ಪಿತಸ್ಥನಾಗುವುದೂ ಒಬ್ಬನಲ್ಲೇ ಸೇರಿರಬಹುದು. ಗುಂಡಿಕ್ಕುವ ದೃಶ್ಯ ಹೇಳುವುದೇ ಅದನ್ನು. ಚಳಿಯ ವಿಷಯಕ್ಕೆ ಬಂದರೆ ಈ ಮಾತು ಇನ್ನೂ ಕಠಿಣವಾಗಿ ನಿಜ. ಜರ್ಮನರ ಕೈಗೆ ಸಿಕ್ಕ ಸುಮಾರು 57 ಲಕ್ಷ ಸೋವಿಯತ್ ಕೈದಿಗಳಲ್ಲಿ 33 ಲಕ್ಷದಷ್ಟು ಜನ ಸತ್ತರು. ಬಹಳಷ್ಟು ಸಾವು ಸಂಭವಿಸಿದ್ದು 1941-42ರ ಚಳಿಗಾಲದಲ್ಲಿ, ಮುಳ್ಳುತಂತಿ ಸುತ್ತಿದ ತೆರೆದ ಬಯಲುಗಳಲ್ಲಿ, ಸೂರಿಲ್ಲದೆ, ಅನ್ನವಿಲ್ಲದೆ. ಸ್ಟಾಲಿನ್‌ಗ್ರಾಡಿನ ಮುತ್ತಿಗೆಯೊಳಗೂ ಆರನೇ ಸೇನೆ ಹಿಡಿದಿಟ್ಟುಕೊಂಡಿದ್ದ ಸೋವಿಯತ್ ಕೈದಿಗಳು ಎಲ್ಲರಿಗಿಂತ ಮೊದಲು ಹಸಿವಿನಿಂದ ಸತ್ತರು. ಹಿಮವನ್ನು ಆಯುಧವಾಗಿ ಬಳಸಲು ಬರುತ್ತದೆಂದು ಜರ್ಮನ್ ಆಡಳಿತ ಮೊದಲೇ ತೋರಿಸಿತ್ತು. ಮರುವರ್ಷ ತನ್ನದೇ ಸೈನಿಕರನ್ನು ಹಿಮಕ್ಕೆ ಬಿಟ್ಟುಕೊಟ್ಟದ್ದೂ ಅದೇ ಆಡಳಿತ. ಎರಡು ಅಪರಾಧಗಳು ಸಮವಲ್ಲ, ಒಂದನ್ನು ತೋರಿಸಿ ಇನ್ನೊಂದನ್ನು ಮುಚ್ಚುವುದೂ ಸಲ್ಲದು. ಆದರೆ ಮನುಷ್ಯಜೀವವನ್ನು ಲೆಕ್ಕದ ಪುಸ್ತಕದ ಅಂಕಿಯಾಗಿ ನೋಡುವ ಬುದ್ಧಿ ಎರಡರಲ್ಲೂ ಒಂದೇ. ಫಿಲ್ಸ್‌ಮಾಯರ್ ಎರಡನೆಯದನ್ನು ಪೂರ್ತಿಯಾಗಿ, ಮೊದಲನೆಯದನ್ನು ಅರ್ಧದಷ್ಟು ತೋರಿಸಿದ್ದಾರೆ. ಉಳಿದರ್ಧಕ್ಕೆ ಎಲೆಮ್ ಕ್ಲಿಮೋವ್ ಅವರ 1985ರ ‘ಕಮ್ ಅಂಡ್ ಸೀ’ ನೋಡಬೇಕು. ಬೆಲಾರೂಸಿನ ಹಳ್ಳಿಗಳನ್ನು ಜನರ ಸಮೇತ ಸುಟ್ಟ ಕತೆ ಅದರಲ್ಲಿದೆ.

ಎರಡನೆಯ ಆಕ್ಷೇಪ ಸಿನಿಮಾ ಎಂಬ ಮಾಧ್ಯಮದ್ದೇ. ಯುದ್ಧವನ್ನು ತೆರೆಯ ಮೇಲೆ ತೋರಿಸಿದ ಕೂಡಲೇ ಅದು ರೋಮಾಂಚನವಾಗುತ್ತದೆ, ಆದ್ದರಿಂದ ಯುದ್ಧವಿರೋಧಿ ಚಿತ್ರ ಎಂಬುದೇ ಆಗದ ಮಾತು ಎಂಬರ್ಥದ ಅಭಿಪ್ರಾಯ ಫ್ರೆಂಚ್ ನಿರ್ದೇಶಕ ತ್ರುಫೋ ಅವರದು. ಕ್ಯಾಮೆರಾಗೆ ಸ್ಫೋಟ ಇಷ್ಟ, ನೋಡುವ ಕಣ್ಣಿಗೂ ಇಷ್ಟ, ನಿಜ. ‘ಸ್ಟಾಲಿನ್‌ಗ್ರಾಡ್’ನ ಮೊದಲ ಭಾಗದ ಕಾರ್ಖಾನೆ ಕಾಳಗ ಈ ಅಪಾಯದಿಂದ ಪೂರ್ತಿ ಪಾರಾಗಿಲ್ಲ. ಅಲ್ಲಿ ಯಾರು ಗೆಲ್ಲುತ್ತಾರೆಂದು ನಾವು ಉಸಿರು ಬಿಗಿಹಿಡಿದು ನೋಡುತ್ತೇವೆ. ಆದರೆ ಚಳಿ ಶುರುವಾದ ಮೇಲೆ ಚಿತ್ರದ ಗತಿ ಬದಲಾಗುತ್ತದೆ. ಚಳಿಯಲ್ಲಿ ವೇಗವಿಲ್ಲ, ಎದುರಾಳಿಯ ಮುಖವಿಲ್ಲ, ತಿರುಗಿ ಹೊಡೆಯಲು ಏನೂ ಇಲ್ಲ. ಇದೇ ಕದನವನ್ನು ಕುರಿತ 2001ರ ‘ಎನಿಮಿ ಅಟ್ ದ ಗೇಟ್ಸ್’ ಚಿತ್ರ ಗುರಿಕಾರ ವಸಿಲಿ ಜೈತ್ಸೆವ್‌ನನ್ನು ನಾಯಕನಾಗಿ ಹಿಡಿದು ಇಬ್ಬರು ಬೇಟೆಗಾರರ ಪಂದ್ಯ ಕಟ್ಟುತ್ತದೆ. ಪಂದ್ಯವಿದ್ದಲ್ಲಿ ಗೆಲುವಿದೆ, ಗೆಲುವಿದ್ದಲ್ಲಿ ಯುದ್ಧಕ್ಕೊಂದು ಅರ್ಥ ಬಂದುಬಿಡುತ್ತದೆ. ಫಿಲ್ಸ್‌ಮಾಯರ್ ಚಿತ್ರದ ಕೊನೆಯ ಒಂದು ಗಂಟೆಯಲ್ಲಿ ಪಂದ್ಯವಿಲ್ಲ. ಜನ ನಡೆಯುತ್ತಾರೆ, ಬೀಳುತ್ತಾರೆ, ಒಬ್ಬೊಬ್ಬರಾಗಿ ಕಡಿಮೆಯಾಗುತ್ತಾರೆ. ತ್ರುಫೋ ಹೇಳಿದ ರೋಮಾಂಚನಕ್ಕೆ ಬೇಕಾದ ಸರಕನ್ನೇ ಹಿಮ ಇಲ್ಲಿ ಕಸಿದುಕೊಳ್ಳುತ್ತದೆ. ನೋಡಲು ಬೇಸರವೆನಿಸುವಷ್ಟು ಉದ್ದವಾಗಿದೆ ಎಂದು ದೂರುವವರಿದ್ದಾರೆ. ಆ ಉದ್ದವೇ ಚಿತ್ರದ ಪ್ರಾಮಾಣಿಕತೆ ಎಂದು ನನಗೆ ಅನ್ನಿಸುತ್ತದೆ.

ನಮ್ಮಲ್ಲಿ ಹೆಚ್ಚಾಗಿ ಕೇಳಿಬರುವ ಮೂರನೆಯ ಮಾತೊಂದಿದೆ: ಇಂಥ ಚಿತ್ರಗಳು ಸೈನಿಕನಿಗೆ ಅವಮಾನ ಮಾಡುತ್ತವೆ, ಅವನ ತ್ಯಾಗವನ್ನು ಹಗುರ ಮಾಡುತ್ತವೆ ಎಂಬುದು. ಹಿಮದಲ್ಲಿ ನಿಲ್ಲುವ ಸೈನಿಕ ಕನ್ನಡಿಗರಿಗೆ ದೂರದವನೇನಲ್ಲ. 2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನ 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಕುಸಿದಾಗ, ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಆರು ದಿನ ಹಿಮದಡಿ ಜೀವ ಹಿಡಿದುಕೊಂಡಿದ್ದರು. ದೆಹಲಿಯ ಆಸ್ಪತ್ರೆಯಲ್ಲಿ ಫೆಬ್ರುವರಿ 11ರಂದು ಅವರು ತೀರಿಕೊಳ್ಳುವವರೆಗೆ ಇಡೀ ರಾಜ್ಯ ಅವರಿಗಾಗಿ ಹಾರೈಸಿತು. ಸ್ವಂತ ದೇಶದ ಗಡಿ ಕಾಯುತ್ತಿದ್ದ ಅವರನ್ನು ಆಕ್ರಮಣಕಾರಿ ಸೇನೆಯ ಸೈನಿಕರೊಂದಿಗೆ ಸಮೀಕರಿಸುವ ಪ್ರಶ್ನೆಯೇ ಇಲ್ಲ. ಆದರೆ ಆ ಒಂದು ವಾರ ನಾವು ಮಿಡಿದದ್ದು ಏತಕ್ಕೆ ಎಂದು ಯೋಚಿಸಿದರೆ ಉತ್ತರ ಸಿಗುತ್ತದೆ. ಅವರು ಎಷ್ಟು ಜನರನ್ನು ಹೊಡೆದರೆಂದು ಯಾರೂ ಕೇಳಲಿಲ್ಲ. ಒಬ್ಬ ಮನುಷ್ಯ ಅಷ್ಟು ಚಳಿಯಲ್ಲಿ ಏನೆಲ್ಲ ತಾಳಿಕೊಂಡ ಎಂಬುದೇ ನಮ್ಮನ್ನು ಕಲಕಿತು. ಸಿಯಾಚಿನ್‌ನಲ್ಲಿ ಗುಂಡಿಗಿಂತ ಹವೆಗೆ ಬಲಿಯಾದವರೇ ಹೆಚ್ಚು ಎಂಬುದೂ ಗೊತ್ತಿರುವ ಸಂಗತಿ. ಸೈನಿಕ ತಾಳಿಕೊಳ್ಳಬೇಕಾದದ್ದನ್ನು ಇದ್ದಂತೆ ಹೇಳುವುದು ಅವನಿಗೆ ಸಲ್ಲಬೇಕಾದ ಗೌರವ. ಅವನನ್ನು ಅಲ್ಲಿ ನಿಲ್ಲಿಸಿದವರಿಗೆ ಅದರ ಲೆಕ್ಕ ಕೇಳುವುದು ಆ ಗೌರವದ್ದೇ ಮುಂದಿನ ಹೆಜ್ಜೆ.

ಅವಮಾನ ಯಾವುದೆಂದು ಸ್ಟಾಲಿನ್‌ಗ್ರಾಡಿನ ಕೊನೆಯ ದಿನಗಳು ತೋರಿಸುತ್ತವೆ. 1943ರ ಜನವರಿ 8ರಂದು ಸೋವಿಯತ್ ಸೇನೆ ಶರಣಾಗತಿಯ ಅವಕಾಶ ಕೊಟ್ಟಿತು, ತಿರಸ್ಕೃತವಾಯಿತು. ಮದ್ದುಗುಂಡೂ ಆಹಾರವೂ ಮುಗಿದು, ಗಾಯಾಳುಗಳ ಆರೈಕೆಯೂ ಸಾಧ್ಯವಾಗದಿದ್ದಾಗ ಆರನೇ ಸೇನೆಯ ಆಗಿನ ಸೇನಾಪತಿ ಪೌಲುಸ್ ಜನವರಿ 22ರಂದು ಶರಣಾಗಲು ಅನುಮತಿ ಕೇಳಿದ, ಹಿಟ್ಲರ್ ಕೊಡಲಿಲ್ಲ. ನಾಜಿ ಆಡಳಿತಕ್ಕೆ ಹತ್ತು ವರ್ಷ ತುಂಬಿದ ಜನವರಿ 30ರಂದು ಗೋರಿಂಗ್ ರೇಡಿಯೊದಲ್ಲಿ ಮಾತನಾಡಿ, ಪ್ರಾಚೀನ ಗ್ರೀಸಿನ ಥರ್ಮೊಪಿಲೆಯಲ್ಲಿ ಕೊನೆಯವನವರೆಗೆ ಕಾದಾಡಿ ಮಡಿದ ಸ್ಪಾರ್ಟಾದ ವೀರರಿಗೆ ಈ ಸೈನಿಕರನ್ನು ಹೋಲಿಸಿದ. ನೆಲಮಾಳಿಗೆಗಳಲ್ಲಿ ಇನ್ನೂ ಉಸಿರಾಡುತ್ತಿದ್ದವರು ತಮ್ಮದೇ ಶ್ರದ್ಧಾಂಜಲಿ ಭಾಷಣವನ್ನು ರೇಡಿಯೊದಲ್ಲಿ ಕೇಳಿದರು. ತಾನು ಮಾತು ಕೊಟ್ಟಿದ್ದ ವಿಮಾನಗಳ ಬಗ್ಗೆ ಗೋರಿಂಗ್ ಲೆಕ್ಕ ಒಪ್ಪಿಸಬೇಕಿತ್ತು, ಅದರ ಜಾಗದಲ್ಲಿ ವೀರಕತೆ ಹೇಳಿದ. ಫಿಲ್ಸ್‌ಮಾಯರ್ ಚಿತ್ರ ಆ ಭಾಷಣಕ್ಕೆ ಐವತ್ತು ವರ್ಷ ತಡವಾಗಿ ಬಂದ ಪ್ರತ್ಯುತ್ತರ. ಅದರಲ್ಲಿ ಸ್ಪಾರ್ಟಾದವರು ಯಾರೂ ಇಲ್ಲ. ಬ್ರೆಡ್ಡಿಗಾಗಿ ಜಗಳವಾಡುವ, ಚೀಟಿ ಕದಿಯುವ, ಹೆದರುವ, ಒಬ್ಬರನ್ನೊಬ್ಬರು ಹೊತ್ತುಕೊಳ್ಳುವ ಜನರಿದ್ದಾರೆ.

ಚಿತ್ರದ ಕತೆ ಶರಣಾಗತಿಯ ಆಚೆ ಹೋಗುವುದಿಲ್ಲ. ಆದರೆ ಅದರ ವಾದಕ್ಕೆ ಅತಿ ಗಟ್ಟಿಯಾದ ಪುರಾವೆ ಅಲ್ಲಿಂದ ಮುಂದೆಯೇ ಇದೆ. ಸೆರೆಸಿಕ್ಕ ಫೀಲ್ಡ್ ಮಾರ್ಷಲ್ ಇರಕೂಡದು ಎಂಬ ಲೆಕ್ಕಾಚಾರದಲ್ಲಿ, ಅಂದರೆ ಆತ್ಮಹತ್ಯೆ ಮಾಡಿಕೊಳ್ಳಲೆಂದು, ಹಿಟ್ಲರ್ ಪೌಲುಸ್‌ಗೆ ಆ ಪದವಿ ಕೊಟ್ಟ. ಮರುದಿನವೇ, ಜನವರಿ 31ರಂದು, ಡಿಪಾರ್ಟ್‌ಮೆಂಟ್ ಸ್ಟೋರ್ ಒಂದರ ನೆಲಮಾಳಿಗೆಯಲ್ಲಿ ಪೌಲುಸ್ ಸೆರೆಯಾದ. ಫೆಬ್ರುವರಿ 2ಕ್ಕೆ ಕದನ ಮುಗಿದಾಗ ಸುಮಾರು 91,000 ಜನ ಕೈದಿಗಳಾಗಿದ್ದರು. ತಿಂಗಳುಗಟ್ಟಲೆ ಉಪವಾಸವಿದ್ದು ಆಗಲೇ ರೋಗ ಹಿಡಿದಿದ್ದವರು, ನಡಿಗೆಯಲ್ಲಿ, ಶಿಬಿರಗಳಲ್ಲಿ ಸಾವಿರಗಟ್ಟಲೆ ಸತ್ತರು. ಊರಿಗೆ ಮರಳಿದವರು ಐದಾರು ಸಾವಿರ, ಅವರಲ್ಲಿ ಕೊನೆಯವರು ಬಂದದ್ದು 1955ರಲ್ಲಿ. ಸಾಮಾನ್ಯ ಸೈನಿಕರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನ ಉಳಿಯಲಿಲ್ಲ. ಹಿರಿಯ ಅಧಿಕಾರಿಗಳಲ್ಲಿ ಬಹುಪಾಲು ಉಳಿದರು, ಸೆರೆಯಾಗುವ ಮೊದಲೂ ಆಮೇಲೂ ಅವರಿಗೆ ಊಟ, ಸೂರು ಬೇರೆಯೇ ಇತ್ತು. ಪೌಲುಸ್ 1953ರಲ್ಲಿ ಬಿಡುಗಡೆಯಾಗಿ, ಪೂರ್ವ ಜರ್ಮನಿಯ ಡ್ರೆಸ್ಡೆನ್ ನಗರದಲ್ಲಿ ಮನೆ ಮಾಡಿ, ನಾಲ್ಕು ವರ್ಷದ ನಂತರ ಕಾಯಿಲೆಯಿಂದ ತೀರಿಕೊಂಡ.